ಹಿಂದಿನ ಗಾಲಿಗೆ ಅಗಲ ಟೈರು: ಬೀದರ್, ಭಾಲ್ಕಿ, ಔರಾದ್ ಸೀಮೆಯಲ್ಲಿ

ವೇಗಕ್ಕೆಂದೇ ಕಟ್ಟಿದ ಕಾರುಗಳಲ್ಲಿ ಹಿಂದಿನ ಎರಡು ಗಾಲಿಗಳಿಗೆ ಮುಂದಿನವಕ್ಕಿಂತ ಅಗಲವಾದ ಟೈರು, ಅದಕ್ಕೆ ತಕ್ಕ ಅಗಲದ ರಿಮ್ಮು ಹಾಕುವ ಪದ್ಧತಿ ಇದೆ. ಎಂಜಿನ್ನಿನ ಬಲ ಹಿಂದಿನ ಗಾಲಿಗೆ ಹೋಗುವ ಗಾಡಿಗಳಲ್ಲಿ ಇದು ಲೆಕ್ಕಕ್ಕೆ ಕೂರುತ್ತದೆ. ಮುಂದಿನ ಗಾಲಿಯೇ ಎಳೆಯುವ ಗಾಡಿಗಳಲ್ಲಿ ಇದು ಬಹುಮಟ್ಟಿಗೆ ಅಲಂಕಾರ, ಕೆಲವೊಮ್ಮೆ ಅಪಾಯ. ಬೀದರ್ ನಗರ, ಭಾಲ್ಕಿ, ಔರಾದ್‌ಗಳ ರಸ್ತೆಯಲ್ಲಿ ಓಡುವ ಕಾರುಗಳಲ್ಲಿ ಹೆಚ್ಚಿನವು ಈ ಎರಡನೆಯ ಜಾತಿಯವು. ಹಿಂದೆ ಅಗಲ, ಮುಂದೆ ಕಿರಿದು ಎಂಬ ನಿಯಮವನ್ನು ಈ ಸೀಮೆಯಲ್ಲಿ ನಿಷ್ಠೆಯಿಂದ ಪಾಲಿಸುವ ವಾಹನ ಕಾರಲ್ಲ, ಟ್ರ್ಯಾಕ್ಟರು. ಆದ್ದರಿಂದ ವಿಷಯವನ್ನು ಅಲ್ಲಿಂದಲೇ ಹಿಡಿಯುವುದು ಸುಲಭ.

ಟ್ರ್ಯಾಕ್ಟರಿನ ಹಿಂದಿನ ಗಾಲಿ

ಬೀದರ್ ನಗರ ಕೂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಕೋಟೆಯ ಕಂದಕ ಕೊರೆದದ್ದೂ, ಊರ ಕೆಳಗಿನ ಸುರಂಗ ಬಾವಿ ತೋಡಿದ್ದೂ ಇದೇ ಕೆಂಪು ಕಲ್ಲಿನಲ್ಲಿ. ಭಾಲ್ಕಿ, ಔರಾದ್ ಕಡೆಗೆ ಇಳಿದರೆ ನೆಲದ ಬಣ್ಣವೇ ಬೇರೆ, ಹೆಚ್ಚಾಗಿ ಕರಿ ಎರಿ ಭೂಮಿ. ಒಣಗಿದಾಗ ಬಿರಿಯುತ್ತದೆ, ನೆನೆದಾಗ ಉಬ್ಬುತ್ತದೆ, ಅಂಟುತ್ತದೆ. ಇಂಥ ನೆಲದಲ್ಲಿ ನೇಗಿಲು ಎಳೆಯುವ ಗಾಲಿ ಹೂಳಬಾರದು, ಜಾರಲೂಬಾರದು. 40–50 ಅಶ್ವಶಕ್ತಿಯ ಟ್ರ್ಯಾಕ್ಟರುಗಳಿಗೆ ಮುಂದೆ 6.00-16, ಹಿಂದೆ 13.6-28 ಅಥವಾ 14.9-28 ಅಳತೆಯ ಟೈರು ಬರುವುದು ರೂಢಿ. ಮೊದಲ ಅಂಕಿ ಅಗಲ, ಎರಡನೆಯದು ರಿಮ್ಮಿನ ವ್ಯಾಸ, ಎರಡೂ ಇಂಚಿನಲ್ಲಿ. ಅಂದರೆ ಮುಂದಿನ ಟೈರು ಸುಮಾರು 152 ಮಿ.ಮೀ. ಅಗಲವಾದರೆ ಹಿಂದಿನದು 378 ಮಿ.ಮೀ.ವರೆಗೆ. ಯಾವ ಕ್ರೀಡಾ ಕಾರಿನಲ್ಲೂ ಮುಂದಿನ ಹಿಂದಿನ ಟೈರಿಗೆ ಇಷ್ಟು ಅಂತರ ಸಿಗುವುದಿಲ್ಲ.

ಟ್ರ್ಯಾಕ್ಟರಿನ ಮುಂದಿನ ಗಾಲಿಯ ಕೆಲಸ ದಾರಿ ತೋರಿಸುವುದಷ್ಟೇ. ಕಿರಿದಾಗಿದ್ದರೆ ಸಾಲಿನಲ್ಲಿ ಸಲೀಸಾಗಿ ಹೋಗುತ್ತದೆ, ತಿರುಗಿಸಲೂ ಹಗುರ. ಎಳೆಯುವ ಕೆಲಸವೆಲ್ಲ ಹಿಂದಿನದು. ನೇಗಿಲು ನೆಲಕ್ಕೆ ಬಿದ್ದ ಕ್ಷಣದಿಂದ ಮುಂಭಾಗ ಹಗುರಾಗಿ ಭಾರವೆಲ್ಲ ಹಿಂದಕ್ಕೆ ಸರಿಯುತ್ತದೆ. ಆ ಭಾರವನ್ನು ಮೆತ್ತನೆಯ ನೆಲದ ಮೇಲೆ ಹರಡಲು ಅಗಲ ಬೇಕು, ಹವಾ ಕಡಿಮೆ ಬೇಕು. ಹೊಲದಲ್ಲಿ ಹಿಂದಿನ ಟೈರಿಗೆ ಹನ್ನೆರಡು ಹದಿನಾಲ್ಕು ಪೌಂಡಿನಷ್ಟೇ ಹವಾ ಇಡುತ್ತಾರೆ. ಹಿಡಿತ ಇನ್ನೂ ಸಾಲದಿದ್ದರೆ ವಾಲ್ವಿನ ಮೂಲಕ ಟೈರಿನ ಮುಕ್ಕಾಲು ಭಾಗಕ್ಕೆ ನೀರು ತುಂಬಿಸುವುದೂ ಉಂಟು. ಅದು ತೂಕಕ್ಕಾಗಿ. ಕಬ್ಬಿನ ಹಂಗಾಮಿನಲ್ಲಿ ಭಾಲ್ಕಿ ತಾಲ್ಲೂಕಿನ ಹುಣಜಿಯ ಮಹಾತ್ಮ ಗಾಂಧಿ ಸಹಕಾರಿ ಸಕ್ಕರೆ ಕಾರ್ಖಾನೆಯ ಕಡೆಗೆ ಜೋಡಿ ಟ್ರೇಲರ್ ಕಟ್ಟಿಕೊಂಡು ಏರಿನಲ್ಲಿ ಮುಂಗಾಲಿ ಅರ್ಧ ಎತ್ತಿಕೊಂಡಂತೆ ಹೋಗುವ ಟ್ರ್ಯಾಕ್ಟರನ್ನು ನೋಡಿದವರಿಗೆ ಭಾರ ಹಿಂದಕ್ಕೆ ಸರಿಯುವುದೆಂದರೇನು ಎಂದು ಬೇರೆ ಹೇಳಬೇಕಾಗಿಲ್ಲ.

ಗಡಿಯಾಚೆ, ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯ ಜಹೀರಾಬಾದಿನಲ್ಲಿ ಮಹೀಂದ್ರಾ ಕಂಪನಿಯ ಟ್ರ್ಯಾಕ್ಟರ್ ಕಾರ್ಖಾನೆ ಇದೆ. 2013ರಲ್ಲಿ ಶುರುವಾಯಿತು. ಅಲ್ಲಿಂದ ಹೆದ್ದಾರಿಯಲ್ಲಿ ಹೈದರಾಬಾದಿನ ದಿಕ್ಕಿಗೆ ಮುಂದೆ ಹೋದರೆ ಸದಾಶಿವಪೇಟೆಯಲ್ಲಿ ಎಂಆರ್‌ಎಫ್ ಟೈರು ಕಾರ್ಖಾನೆ. ಟೈರಿನ ವಿದ್ಯೆಗೆ ಬೀದರ್ ದೂರದ ಊರೇನೂ ಅಲ್ಲ.

ಕಾರಿಗೆ ಬಂದ ಬಗೆ

ಕಾರಿನಲ್ಲೂ ತರ್ಕ ಇದೇ, ನೆಲ ಮಾತ್ರ ಡಾಂಬರಿನದು. 1,500 ಕಿಲೋ ತೂಕದ, 2.7 ಮೀಟರ್ ಗಾಲಿ ಅಂತರದ ಕಾರು ಗುರುತ್ವದ ಅರ್ಧದಷ್ಟು ವೇಗೋತ್ಕರ್ಷದಲ್ಲಿ ಮುನ್ನುಗ್ಗಿದರೆ, ಅದರ ಗುರುತ್ವಕೇಂದ್ರ ನೆಲದಿಂದ 55 ಸೆಂ.ಮೀ. ಎತ್ತರದಲ್ಲಿದ್ದರೆ, ಸುಮಾರು 150 ಕಿಲೋ ಭಾರ ಮುಂದಿನ ಗಾಲಿಗಳಿಂದ ಹಿಂದಿನ ಗಾಲಿಗಳಿಗೆ ದಾಟುತ್ತದೆ. ಹಿಂದಿನ ಗಾಲಿ ಎಳೆಯುವ ಕಾರಿಗೆ ಇದು ಲಾಭ. ಆದರೆ ರಬ್ಬರಿಗೆ ಒಂದು ಗುಣವಿದೆ: ಭಾರ ಹೆಚ್ಚಿದಂತೆ ಹಿಡಿತವೂ ಹೆಚ್ಚುತ್ತದೆ, ಆದರೆ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಹೀಗೆ ಕೈತಪ್ಪುವ ಹಿಡಿತದಲ್ಲಿ ಒಂದಿಷ್ಟನ್ನು ಅಗಲ ಟೈರು ವಾಪಸ್ಸು ತಂದುಕೊಡುತ್ತದೆ.

ಹಿಂಬದಿಯಲ್ಲಿ ಎಂಜಿನ್ ಇಟ್ಟ ಪೋರ್ಷೆ 911 ಇದಕ್ಕೆ ಹಳೆಯ ಉದಾಹರಣೆ. 1975ರ 911 ಟರ್ಬೊಗೆ ಮುಂದೆ 185, ಹಿಂದೆ 215 ಮಿ.ಮೀ. ಟೈರು ಇತ್ತು. 1978ರ ಲ್ಯಾಂಬೊರ್ಗಿನಿ ಕೌಂಟಾಶ್ ಎಲ್‌ಪಿ 400 ಎಸ್ ಮುಂದೆ 205, ಹಿಂದೆ 345 ಹಾಕಿ ಎಲ್ಲರ ಕಣ್ಣು ಕುಕ್ಕಿತು. ಹಿಂದೆ ಅಗಲ ಇದ್ದರೆ ಅದು ವೇಗದ ಕಾರು ಎಂಬ ನಂಬಿಕೆ ಜಗತ್ತಿನ ಹುಡುಗರ ಗೋಡೆಚಿತ್ರಗಳಿಗೆ ಹತ್ತಿದ್ದರಲ್ಲಿ ಈ ಕಾರಿನ ಪಾಲು ದೊಡ್ಡದು. ಫಾರ್ಮುಲಾ 1 ಕಾರುಗಳಲ್ಲಿ 2022ರಿಂದ 2025ರವರೆಗೆ 18 ಇಂಚಿನ ರಿಮ್ಮಿನ ಮೇಲೆ ಮುಂದೆ 305, ಹಿಂದೆ 405 ಮಿ.ಮೀ. ಇತ್ತು. ಬೀದರ್‌ಗೆ ಅತಿ ಸಮೀಪದಲ್ಲಿ ನಡೆದ ಅಂತರರಾಷ್ಟ್ರೀಯ ಮಟ್ಟದ ಕಾರ್ ರೇಸು 2023ರ ಫೆಬ್ರುವರಿ 11ರಂದು ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಾದ ಫಾರ್ಮುಲಾ ಇ. ಗೆದ್ದವರು ಫ್ರಾನ್ಸಿನ ಜಾನ್ ಎರಿಕ್ ವೆರ್ನ್. ಆ ವಿದ್ಯುತ್ ಕಾರುಗಳಿಗೂ ಹಿಂದಿನ ಟೈರೇ ಅಗಲ.

ಇದಕ್ಕೆ ಎದುರು ಸಾಕ್ಷಿಗಳೂ ಇವೆ. ಹಿಂದಿನ ಗಾಲಿ ಎಳೆಯುವ ಟೊಯೊಟಾ 86 ಎಂಬ ಪುಟ್ಟ ಕ್ರೀಡಾ ಕಾರಿಗೆ ನಾಲ್ಕೂ ಕಡೆ ಒಂದೇ ಅಳತೆ, 215/45 ಆರ್ 17. ಹಿಂಭಾಗ ಸ್ವಲ್ಪ ಜಾರಿದರೇನೇ ಓಡಿಸುವವನಿಗೆ ಖುಷಿ ಎಂಬುದು ಅದನ್ನು ಕಟ್ಟಿದವರ ಎಣಿಕೆ. ಆಡಿ ಆರ್‌ಎಸ್ 3ರ ಈಚಿನ ತಲೆಮಾರಿನಲ್ಲಂತೂ ಲೆಕ್ಕ ತಿರುಗುಮುರುಗು: ಮುಂದೆ 265, ಹಿಂದೆ 245. ಮೂಗಿನಲ್ಲಿ ಭಾರದ ಎಂಜಿನ್ ಹೊತ್ತ ಕಾರು ತಿರುವಿನಲ್ಲಿ ನೇರಕ್ಕೆ ಎಳೆಯುವ ಚಾಳಿಯನ್ನು ಬಿಡಿಸಲು ಹೀಗೆ ಮಾಡಿದ್ದಾರೆ. ಅಗಲ ಟೈರು ಎಲ್ಲಿರಬೇಕು ಎಂಬುದನ್ನು ಎಂಜಿನ್ ಎಲ್ಲಿದೆ, ಎಳೆತ ಎಲ್ಲಿದೆ ಎಂಬುದೇ ತೀರ್ಮಾನಿಸುತ್ತದೆ. ಹಿಂದಿನಿಂದ ನೋಡುವವರಿಗೆ ಹೇಗೆ ಕಾಣುತ್ತದೆ ಎಂಬುದಕ್ಕೆ ಈ ಲೆಕ್ಕದಲ್ಲಿ ಜಾಗವಿಲ್ಲ.

ಅಗಲ ಟೈರು ನಿಜಕ್ಕೂ ಏನು ಮಾಡುತ್ತದೆ

ಅಗಲ ಟೈರು ಹಾಕಿದರೆ ಹೆಚ್ಚು ರಬ್ಬರು ನೆಲಕ್ಕೆ ತಾಗುತ್ತದೆ ಎಂಬ ಮಾತು ಗ್ಯಾರೇಜುಗಳಲ್ಲಿ ಸಾಮಾನ್ಯ. ಅದು ಅರ್ಧ ಸತ್ಯ. ಒಂದು ಗಾಲಿಯ ಮೇಲೆ 400 ಕಿಲೋ ಭಾರ, ಒಳಗೆ 32 ಪೌಂಡ್ ಹವಾ ಇದ್ದರೆ ಆ ಹವಾ ಚದರ ಸೆಂಟಿಮೀಟರಿಗೆ 2.25 ಕಿಲೋದಂತೆ ಭಾರ ಹೊರುತ್ತದೆ. ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ 178 ಚದರ ಸೆಂ.ಮೀ. ಟೈರು ಕಿರಿದಿದ್ದರೂ ಅಷ್ಟೇ, ಅಗಲವಿದ್ದರೂ ಸುಮಾರಾಗಿ ಅಷ್ಟೇ. ಬದಲಾಗುವುದು ಆಕಾರ. ಕಿರಿದು ಟೈರಿನ ಗುರುತು ಉದ್ದಕ್ಕೆ ಚಾಚಿರುತ್ತದೆ, ಅಗಲದ್ದು ಅಡ್ಡಕ್ಕೆ. ತಿರುವಿನಲ್ಲಿ ಟೈರು ತಿರುಚಿಕೊಂಡಾಗ ಗುರುತಿನ ಹಿಂತುದಿ ಮೊದಲು ಜಾರುತ್ತದೆ. ಉದ್ದ ಕಡಿಮೆಯಾದಷ್ಟೂ ಆ ತಿರುಚು ಕಡಿಮೆ, ಹಿಡಿತ ಚುರುಕು. ರಬ್ಬರಿನ ಮೊತ್ತ ಹೆಚ್ಚಿರುವುದರಿಂದ ಬಿಸಿ ತಡೆಯುವ ಶಕ್ತಿಯೂ ಹೆಚ್ಚು. ಹಾಗಾಗಿ ಕಾರ್ಖಾನೆಯವರು ಅದಕ್ಕೆ ಮೆದು ರಬ್ಬರು ಬಳಸಬಲ್ಲರು. ಅಗಲ ಟೈರಿನ ಹೆಸರಿಗೆ ಸಲ್ಲುವ ಕೀರ್ತಿಯಲ್ಲಿ ದೊಡ್ಡ ಪಾಲು ಈ ಮೆದು ರಬ್ಬರಿನದು.

ಹಿಂದೆ ಮಾತ್ರ ಹಿಡಿತ ಹೆಚ್ಚಾದರೆ ತಿರುವಿನಲ್ಲಿ ಮುಂದಿನ ಗಾಲಿ ಮೊದಲು ಸೋಲುತ್ತದೆ. ಸ್ಟಿಯರಿಂಗ್ ತಿರುಗಿಸಿದಷ್ಟು ಗಾಡಿ ತಿರುಗುವುದಿಲ್ಲ. ಇದಕ್ಕೆ ಅಂಡರ್‌ಸ್ಟಿಯರ್ ಎನ್ನುತ್ತಾರೆ. ಬಲಶಾಲಿ ಹಿಂದೆಳೆತದ ಕಾರುಗಳನ್ನು ಕಾರ್ಖಾನೆಯವರು ಬೇಕೆಂದೇ ಹೀಗೆ ಹೊಂದಿಸುತ್ತಾರೆ, ಏಕೆಂದರೆ ಹಿಂಭಾಗ ತಿರುಗಿ ಬೀಳುವುದಕ್ಕಿಂತ ಮುಂಭಾಗ ಜಾರುವುದು ಸಾಮಾನ್ಯ ಚಾಲಕನಿಗೆ ಸುರಕ್ಷಿತ. ಆದರೆ ಮೊದಲೇ ಅಂಡರ್‌ಸ್ಟಿಯರ್ ಇರುವ ಮುಂದೆಳೆತದ ಕಾರಿಗೆ ಇನ್ನಷ್ಟು ಸೇರಿಸಿದರೆ ಏನಾದೀತು?

ಯಾವ ಗಾಡಿಗೆ ಒಗ್ಗುತ್ತದೆ

ಅಂಬಾಸಿಡರ್, ಪದ್ಮಿನಿ, ಕಾಂಟೆಸಾ ಎಲ್ಲವೂ ಹಿಂದೆಳೆತದ ಕಾರುಗಳು. 1983ರಲ್ಲಿ ಮಾರುತಿ 800 ಬಂದ ಮೇಲೆ ದೇಶದ ಸಣ್ಣ ಕಾರುಗಳು ಒಂದೊಂದಾಗಿ ಮುಂದೆಳೆತಕ್ಕೆ ತಿರುಗಿದವು. ಸ್ವಿಫ್ಟ್, ಐ20, ಪೋಲೊ, ಹುಡುಗರು ಕನಸು ಕಾಣುವ ಆಕ್ಟೇವಿಯಾ ಆರ್‌ಎಸ್ ಸಹ ಇದೇ ಸಾಲಿನವು. ಇಂಥ ಕಾರಿನ ತೂಕದಲ್ಲಿ ಶೇ. 60ರಷ್ಟು ಮುಂದಿನ ಗಾಲಿಗಳ ಮೇಲಿರುತ್ತದೆ. ಎಳೆಯುವುದು, ತಿರುಗಿಸುವುದು, ಬ್ರೇಕಿನ ಬಹುಪಾಲು, ಎಲ್ಲ ಮುಂದಿನ ಟೈರಿನ ಹೆಗಲಿಗೆ. ಖಾಲಿ ಕಾರಿನಲ್ಲಿ ಹಿಂದಿನ ಗಾಲಿ ಸುಮ್ಮನೆ ಹಿಂಬಾಲಿಸುತ್ತದೆ. ಅದಕ್ಕೆ ಅಗಲ ಟೈರು ಹಾಕಿದರೆ ತೂಕ ಹೆಚ್ಚಿತು, ಎಣ್ಣೆ ಹೆಚ್ಚು ಕುಡಿಯಿತು, ಮಳೆಯಲ್ಲಿ ನೀರಿನ ಮೇಲೆ ತೇಲುವ ಭಯ ಹೆಚ್ಚಿತು. ಬೇರೆ ಲಾಭವಿಲ್ಲ. ಮುಂದೆಳೆತದ ಕಾರಿಗೆ ಟೈರು ಬದಲಿಸುವುದಿದ್ದರೆ ನಾಲ್ಕನ್ನೂ ಒಂದೇ ಅಳತೆಗೆ, ಒಳ್ಳೆಯ ರಬ್ಬರಿಗೆ ಬದಲಿಸಬೇಕು. ಸವೆದ ಹಳೆಯ ಟೈರುಗಳಲ್ಲಿ ಎರಡನ್ನಷ್ಟೇ ಬದಲಿಸುವ ಶಕ್ತಿಯಿದ್ದರೆ ಹೊಸ ಜೋಡಿಯನ್ನು ಹಿಂದಕ್ಕೆ ಹಾಕಬೇಕೆಂಬುದು ಟೈರು ಕಂಪನಿಗಳ ಸಲಹೆ. ಅದು ಅಗಲದ ಮಾತಲ್ಲ, ಮಳೆಯಲ್ಲಿ ಹಿಂಭಾಗ ತಿರುಗಿ ಬೀಳದಿರಲಿ ಎಂಬ ಕಾಳಜಿ. ಎರಡನ್ನೂ ಬೆರೆಸಿಕೊಂಡು ಮಾತಾಡುವವರು ಬಹಳ.

ಈ ಸೀಮೆಯಲ್ಲಿ ಹಿಂದೆಳೆತ ಇನ್ನೂ ಉಳಿದಿರುವುದು ಬೊಲೆರೊ, ಸ್ಕಾರ್ಪಿಯೊ, ಫಾರ್ಚುನರ್‌ನಂಥ ಎತ್ತರದ ಗಾಡಿಗಳಲ್ಲಿ. ಇವುಗಳಿಗೂ ಹಿಂದೆ ಮಾತ್ರ ಅಗಲ ಬೇಡ. ನಾಲ್ಕು ಗಾಲಿ ಎಳೆತದ ಮಾದರಿಗಳಲ್ಲಿ ಮುಂದಿನ ಹಿಂದಿನ ಟೈರುಗಳ ಸುತ್ತಳತೆ ಒಂದೇ ಇರಬೇಕು. ಇಲ್ಲದಿದ್ದರೆ ಗಟ್ಟಿ ರಸ್ತೆಯಲ್ಲಿ ಫೋರ್ ವೀಲ್ ಹಾಕಿದೊಡನೆ, ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಲ್ಲುಗಳು ಒಂದನ್ನೊಂದು ಜಗ್ಗಾಡುತ್ತವೆ.

ಅಳತೆಯ ಲೆಕ್ಕ

ಟೈರಿನ ಮಗ್ಗುಲಲ್ಲಿ 225/45 ಆರ್ 17 ಎಂದಿದ್ದರೆ ಅಗಲ 225 ಮಿ.ಮೀ., ಮಗ್ಗುಲಿನ ಎತ್ತರ ಅಗಲದ ಶೇ. 45, ರೇಡಿಯಲ್ ಕಟ್ಟು, ರಿಮ್ಮು 17 ಇಂಚು. ರಿಮ್ಮು 431.8, ಮೇಲೂ ಕೆಳಗೂ 101.25, ಒಟ್ಟು ವ್ಯಾಸ 634.3 ಮಿ.ಮೀ. ಹಿಂದಕ್ಕೆ 255 ಹಾಕಬೇಕೆಂದರೆ 255/45 ಅಲ್ಲ, 255/40 ಆರ್ 17 ಆರಿಸಬೇಕು. ಅದರ ವ್ಯಾಸ 635.8, ವ್ಯತ್ಯಾಸ ಒಂದೂವರೆ ಮಿ.ಮೀ. ಮಾತ್ರ. ಈ ಹೊಂದಾಣಿಕೆ ತಪ್ಪಿದರೆ ಪ್ರತಿ ಗಾಲಿಯ ವೇಗವನ್ನು ಅಳೆಯುವ ಎಬಿಎಸ್ ಮತ್ತು ಸ್ಥಿರತೆ ನಿಯಂತ್ರಣದ ಗಣಕಕ್ಕೆ ಹಿಂದಿನ ಗಾಲಿ ಸದಾ ಜಾರುತ್ತಿರುವಂತೆಯೋ ಕಟ್ಟಿಕೊಂಡಂತೆಯೋ ತೋರಬಹುದು.

ಸ್ವಿಫ್ಟಿನ 185/65 ಆರ್ 15ರ ಬದಲು 195/60 ಆರ್ 15 ಹಾಕುವುದು ಬಹಳ ಕಡೆ ನಡೆದಿದೆ. 621.5ರಿಂದ 615ಕ್ಕೆ ಇಳಿದು ವ್ಯಾಸ ಶೇ. 1ರಷ್ಟು ಕುಗ್ಗುತ್ತದೆ. ಮೀಟರು 100 ತೋರಿಸುವಾಗ ಗಾಡಿ ಮೊದಲಿಗಿಂತ ಒಂದು ಕಿ.ಮೀ. ನಿಧಾನವಾಗಿ ಓಡುತ್ತಿರುತ್ತದೆ, ತಳವೂ ಮೂರು ಮಿ.ಮೀ. ನೆಲಕ್ಕೆ ಹತ್ತಿರವಾಗುತ್ತದೆ.

ಅಗಲ ಟೈರನ್ನು ಹಳೆಯ ಕಿರಿದು ರಿಮ್ಮಿಗೆ ತುರುಕಿದರೆ ಮಗ್ಗುಲು ಒಳಕ್ಕೆ ಬಾಗಿ ಮೈ ಗುಂಡಗಾಗುತ್ತದೆ. ತಿರುವಿನಲ್ಲಿ ಅದು ಓಲಾಡುತ್ತದೆ, ಹಣ ಕೊಟ್ಟು ತಂದ ಚುರುಕುತನವೇ ಮಾಯ. 225ಕ್ಕೆ ಏಳೂವರೆ ಇಂಚಿನ ರಿಮ್ಮು ಸರಿಹೋದರೆ 255ಕ್ಕೆ ಒಂಬತ್ತರ ಸುಮಾರು ಬೇಕು. ರಿಮ್ಮು ಒಂದೂವರೆ ಇಂಚು ಅಗಲವಾದಾಗ ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಹಬ್ಬಿಗೆ ಕೂರುವ ಮುಖಕ್ಕಿರುವ ದೂರ, ಇಟಿ ಎಂದು ಮಿ.ಮೀ.ನಲ್ಲಿ ಬರೆದಿರುತ್ತದೆ) ಹಾಗೇ ಉಳಿದರೆ ಒಳಕ್ಕೂ ಹೊರಕ್ಕೂ ತಲಾ 19 ಮಿ.ಮೀ. ಚಾಚುತ್ತದೆ. ಇಟಿ 45ರ ಬದಲು ಇಟಿ 35 ತಂದರೆ ಒಳಕ್ಕೆ 9, ಹೊರಕ್ಕೆ 29. ಒಳಗೆ ಶಾಕ್ ಅಬ್ಸಾರ್ಬರ್, ಹೊರಗೆ ಫೆಂಡರಿನ ಅಂಚು. ಆ ಎರಡರ ನಡುವೆ ಎಷ್ಟು ಜಾಗವಿದೆ ಎಂದು ಗಾಡಿಯ ಕೆಳಗೆ ಮಲಗಿ ಅಳೆಯದೆ ರಿಮ್ಮು ಕೊಳ್ಳಬಾರದು.

ಹಾಕಿದ ಮೇಲೆ ನೋಡುವ ಕ್ರಮ ಹೀಗೆ. ಹಿಂದಿನ ಸೀಟಿಗೆ ಮೂವರನ್ನು ಕೂರಿಸಿ ಡಿಕ್ಕಿಗೆ ಭಾರ ಹಾಕಿ ತಗ್ಗಿನಲ್ಲಿ ನಿಧಾನ ಇಳಿಸಬೇಕು. ಎಲ್ಲಾದರೂ ಉಜ್ಜಿದರೆ ಪ್ಲಾಸ್ಟಿಕ್ ಲೈನಿಂಗಿನ ಮೇಲೆ ಹೊಳಪು ಗೆರೆ ಬಿದ್ದಿರುತ್ತದೆ. ಹವಾ ಸರಿಯಿದೆಯೇ ಎಂದು ತಿಳಿಯಲು ಟೈರಿನ ಹಲ್ಲಿಗೆ ಅಡ್ಡಲಾಗಿ ಸೀಮೆಸುಣ್ಣದ ದಪ್ಪ ಗೆರೆ ಎಳೆದು ನೂರು ಮೀಟರು ನೇರ ಓಡಿಸಿ ಇಳಿದು ನೋಡಿದರೆ ಸಾಕು. ನಡುವೆ ಮಾತ್ರ ಅಳಿಸಿದ್ದರೆ ಹವಾ ಜಾಸ್ತಿ, ಎರಡು ಅಂಚು ಮಾತ್ರ ಅಳಿಸಿದ್ದರೆ ಕಮ್ಮಿ. ಒಂದೇ ಅಂಚು ಅಳಿಸಿದ್ದರೆ ಅಲೈನ್‌ಮೆಂಟಿಗೆ ಹೋಗಬೇಕು. ಹಗುರ ಹಿಂಭಾಗದ ಕಾರಿಗೆ ಅಗಲ ಟೈರು ಹಾಕಿ ಹಳೆಯಷ್ಟೇ ಹವಾ ಇಟ್ಟವರ ಗೆರೆ ಬಹುಪಾಲು ನಡುವೆಯೇ ಅಳಿಸಿರುತ್ತದೆ, ಅಂದರೆ ಕೊಂಡ ಅಗಲದಲ್ಲಿ ಅರ್ಧ ನೆಲವನ್ನೇ ಮುಟ್ಟಿಲ್ಲ. ಹೊರಗಿನಿಂದ ತಂದ ರಿಮ್ಮಿನ ನಡುತೂತು ಹಬ್ಬಿಗಿಂತ ದೊಡ್ಡದಿದ್ದರೆ ನಡುವೆ ಉಂಗುರ ಹಾಕಬೇಕು. ನಟ್ಟಿನ ತಲೆ ಶಂಕುವಿನಾಕಾರವೋ ಗುಂಡೋ ಎಂಬುದೂ ರಿಮ್ಮಿಗೆ ಹೊಂದಬೇಕು. ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗದ ನಡುಕದ ಮೂಲ ಹಲವು ಸಲ ಇಲ್ಲಿರುತ್ತದೆ.

ರಸ್ತೆ, ಮಳೆ, ಬಿಸಿಲು

ಎರಿ ಮಣ್ಣಿನ ಮೇಲೆ ಹಾಸಿದ ರಸ್ತೆ ಮಣ್ಣಿನ ಜೊತೆ ಉಬ್ಬಿ ಇಳಿಯುತ್ತದೆ. ಭಾಲ್ಕಿ, ಔರಾದ್ ಕಡೆಯ ಒಳರಸ್ತೆಗಳಲ್ಲಿ ಡಾಂಬರು ಚೆನ್ನಾಗಿದ್ದರೂ ಮೈ ಅಲೆಯಂತೆ ಇರುವುದು ಇದರಿಂದ. ಕಬ್ಬಿನ ಟ್ರೇಲರುಗಳು ಗಾಲಿಯ ಜಾಡನ್ನು ಇನ್ನಷ್ಟು ತಗ್ಗು ಮಾಡುತ್ತವೆ. ಅಗಲ ಟೈರಿನ ಕಾರು ಇಂಥ ಜಾಡಿಗೆ ಬಿದ್ದರೆ ಸ್ಟಿಯರಿಂಗನ್ನು ಅದೇ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಮಗ್ಗುಲು ಗಿಡ್ಡವಾದಷ್ಟೂ ಗುಂಡಿಯ ಪೆಟ್ಟು ನೇರ ರಿಮ್ಮಿಗೆ. ರಿಮ್ಮು ಬೆಂಡಾಗುತ್ತದೆ, ಇಲ್ಲವೇ ಒಳಗಿನ ದಾರ ಕಡಿದು ಮಗ್ಗುಲಲ್ಲಿ ಬುಗ್ಗೆ ಏಳುತ್ತದೆ. ಬುಗ್ಗೆ ಎದ್ದ ಟೈರಿಗೆ ರಿಪೇರಿ ಇಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಕಡಿಮೆ ಹವಾ ಸೇರಿದರೆ ಟೈರು ಬೇಗ ಕಾಯ್ದು ಹೋಗುತ್ತದೆ.

ಮಳೆಗಾಲದ ಮಾತು ಬೇರೆಯೇ. ನೀರು ನಿಂತ ರಸ್ತೆಯಲ್ಲಿ ಒಂದು ವೇಗ ಮೀರಿದರೆ ಟೈರು ನೆಲ ಬಿಟ್ಟು ನೀರಿನ ಮೇಲೆ ತೇಲುತ್ತದೆ. ನಾಸಾದ ವಾಲ್ಟರ್ ಹಾರ್ನ್ 1960ರ ದಶಕದಲ್ಲಿ ವಿಮಾನದ ಟೈರಿಗಾಗಿ ಕೊಟ್ಟ ಸೂತ್ರದಂತೆ ಪೌಂಡಿನಲ್ಲಿರುವ ಹವಾದ ವರ್ಗಮೂಲವನ್ನು ಒಂಬತ್ತರಿಂದ ಗುಣಿಸಿದರೆ ಆ ವೇಗ ನಾಟಿನಲ್ಲಿ ಸಿಗುತ್ತದೆ. 32 ಪೌಂಡಿಗೆ ಸುಮಾರು 51 ನಾಟು, ಅಂದರೆ ಗಂಟೆಗೆ 94 ಕಿ.ಮೀ. ವಿಮಾನ ಕಸರತ್ತಿನ ಸೂರ್ಯಕಿರಣ ತಂಡದ ನೆಲೆಯಾದ ಬೀದರ್ ವಾಯುಪಡೆ ನಿಲ್ದಾಣದ ರನ್‌ವೇಗೆ ಎಷ್ಟು ಅನ್ವಯವೋ ಅದರ ಹೊರಗಿನ ರಸ್ತೆಗೂ ಈ ಭೌತಶಾಸ್ತ್ರ ಅಷ್ಟೇ ಅನ್ವಯ. ಆದರೆ ಕಾರಿನ ಅಗಲ ಟೈರಿನ ಗುರುತು ಅಡ್ಡಕ್ಕೆ ಚಾಚಿರುವುದರಿಂದ ನೀರು ಪಕ್ಕಕ್ಕೆ ಹರಿಯಲು ಹೆಚ್ಚು ದೂರ ಹೋಗಬೇಕು. ಹಾಗಾಗಿ ಅದು ಸೂತ್ರ ಹೇಳಿದ್ದಕ್ಕಿಂತ ಮೊದಲೇ ತೇಲಬಹುದು. ಹಲ್ಲು ಸವೆದಿದ್ದರೆ ಇನ್ನೂ ಬೇಗ. ಕಾರಿನ ಟೈರಿನ ಹಲ್ಲು 1.6 ಮಿ.ಮೀ.ಗಿಂತ ಕಡಿಮೆಯಾಗಬಾರದೆಂದು ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. ಅಗಲ ಟೈರಿಗೆ ಇಷ್ಟು ಸಾಲದು, ಮೂರಕ್ಕೇ ಬದಲಿಸುವುದು ಜಾಣತನ.

2018ರ ಕೇಂದ್ರ ಅಧಿಸೂಚನೆಯಂತೆ ಕಾರಿನ ಗರಿಷ್ಠ ವೇಗ ವಿಭಜಕವಿರುವ ನಾಲ್ಕು ಪಥದ ರಸ್ತೆಯಲ್ಲಿ 100 ಕಿ.ಮೀ., ಉಳಿದ ಸಾಮಾನ್ಯ ರಸ್ತೆಗಳಲ್ಲಿ 70. ಎಪ್ಪತ್ತರಲ್ಲಿ ಓಡುವ ಗಾಡಿಗೆ 255ರ ಟೈರು ಮಾಡಿಕೊಡುವ ಉಪಕಾರ ಅಷ್ಟಕ್ಕಷ್ಟೇ.

ಕಾಯ್ದೆ ಮತ್ತು ಖರ್ಚು

ಬೀದರ್‌ನ ಗಾಡಿಗಳು ಕೆಎ 38, ಭಾಲ್ಕಿ ಕಚೇರಿಯವು ಕೆಎ 39. ನೋಂದಣಿ ಯಾವುದಿದ್ದರೂ ನಿಯಮ ಒಂದೇ. ಮೋಟಾರು ವಾಹನ ಕಾಯ್ದೆ 1988ರ 52ನೆಯ ಕಲಮಿನಂತೆ, ನೋಂದಣಿ ಪತ್ರದ ವಿವರ ಕಾರ್ಖಾನೆ ಮೊದಲು ಸೂಚಿಸಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಹೋದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2019ರ ಜನವರಿ 9ರಂದು ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ 182ಎ ಕಲಮನ್ನು ಸೇರಿಸಿ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ ಎಂದು ಗೊತ್ತುಮಾಡಿತು. ಅದೇ ಮಾದರಿಯ ಮೇಲುದರ್ಜೆಗೆ ಕಂಪನಿಯೇ ಕೊಡುವ ಅಳತೆ ಹಾಕಿದರೆ ತಕರಾರು ಕಡಿಮೆ. ಫೆಂಡರಿನಾಚೆ ಚಾಚುವ ಟೈರು ಕಣ್ಣಿಗೂ ಬೀಳುತ್ತದೆ, ಹಿಂದೆ ಬರುವ ಬೈಕಿನವನ ಮುಖಕ್ಕೆ ಕಲ್ಲನ್ನೂ ಹಾರಿಸುತ್ತದೆ. ವಿಮಾ ಕಂಪನಿಗೆ ಬರೆದು ತಿಳಿಸದ ಮಾರ್ಪಾಡು ಅಪಘಾತದ ನಂತರ ಪರಿಹಾರಕ್ಕೆ ಅಡ್ಡಬರಬಹುದು.

ಕೊಳ್ಳುವಾಗ ಐಎಸ್‌ಐ ಗುರುತು, ಭಾರದ ಅಂಕಿ, ವೇಗದ ಅಕ್ಷರ ನೋಡಬೇಕು. 91 ಎಂದರೆ ಒಂದು ಟೈರು 615 ಕಿಲೋ ಹೊರುತ್ತದೆ, 94 ಎಂದರೆ 670. ವಿ ಅಕ್ಷರಕ್ಕೆ ಗಂಟೆಗೆ 240 ಕಿ.ಮೀ., ಡಬ್ಲ್ಯೂಗೆ 270. ಹೊಸ ಟೈರಿನ ಭಾರದ ಅಂಕಿ ಹಳೆಯದಕ್ಕಿಂತ ಕಡಿಮೆ ಇರಬಾರದು. ತಯಾರಾದ ವಾರ ಮತ್ತು ವರ್ಷ ಕೊನೆಯ ನಾಲ್ಕು ಅಂಕಿಗಳಲ್ಲಿರುತ್ತದೆ: 3523 ಎಂದರೆ 2023ರ 35ನೆಯ ವಾರ. ಅಪರೂಪದ ಅಳತೆಗಳು ಅಂಗಡಿಯ ಅಟ್ಟದಲ್ಲಿ ವರ್ಷಗಟ್ಟಲೆ ಕೂತಿರುವ ಸಂಭವ ಹೆಚ್ಚು, ಅದಕ್ಕೇ ಈ ಅಂಕಿಯನ್ನು ತಪ್ಪದೆ ಓದಬೇಕು.

ಮುಂದೆ ಹಿಂದೆ ಬೇರೆ ಅಳತೆ ಇದ್ದರೆ ಟೈರುಗಳನ್ನು ಅದಲುಬದಲು ಮಾಡಲು ಬರುವುದಿಲ್ಲ. ಹಿಂದೆಳೆತದ ಬಲವಾದ ಕಾರಿನಲ್ಲಿ ಹಿಂದಿನ ಜೋಡಿ ಮೊದಲು ಸವೆಯುತ್ತದೆ, ಅದೇ ದುಬಾರಿ ಜೋಡಿ. ಸ್ಟೆಪ್ನಿ ಒಂದೇ ಇರುವುದರಿಂದ ಅದು ಯಾವುದೋ ಒಂದು ಕಡೆಗೆ ಮಾತ್ರ ಹೊಂದುತ್ತದೆ. ಕಾರ್ಖಾನೆಯಿಂದಲೇ ಹೀಗೆ ಬರುವ ಕಾರುಗಳಲ್ಲಿ ಬಹಳಷ್ಟಕ್ಕೆ ಸ್ಟೆಪ್ನಿಯೇ ಇರುವುದಿಲ್ಲ. ಬದಲಿಗೆ ರನ್‌ಫ್ಲಾಟ್ ಟೈರು ಅಥವಾ ಅಂಟು ಮತ್ತು ಸಣ್ಣ ಪಂಪು ಕೊಟ್ಟಿರುತ್ತಾರೆ. ಮುಳ್ಳು ಚುಚ್ಚಿದರೆ ಅಂಟು ಸಾಕು. ಔರಾದ್ ದಾರಿಯಲ್ಲಿ ರಾತ್ರಿ ಗುಂಡಿಗೆ ಬಿದ್ದು ಮಗ್ಗುಲು ಸೀಳಿದರೆ ಯಾವ ಅಂಟೂ ಕೆಲಸಕ್ಕೆ ಬಾರದು. ಆಗ ಅದೇ ಅಳತೆಯ ಟೈರು ಹುಡುಕಿಕೊಂಡು ಬೀದರ್‌ನಿಂದ ಸುಮಾರು 140 ಕಿ.ಮೀ. ದೂರದ ಹೈದರಾಬಾದಿಗೆ ಹೋಗಬೇಕಾಗಿ ಬರಬಹುದು, ಕಾರು ಅಲ್ಲಿಯವರೆಗೆ ಯಾರದಾದರೂ ಅಂಗಳದಲ್ಲಿ ಜಾಕಿನ ಮೇಲೆ.